ಕಬ್ಬಿನ ತೂಕವೋ, ಸಕ್ಕರೆ ಇಳುವರಿಯೋ?

ಚಿತ್ರರಸಿಕ ಮಿತ್ರರೇ, ಈ ವಾರದ ನಮ್ಮ ನಾಯಕನಿಗೆ ಹೆಸರಿಲ್ಲ. ಮುಖವೂ ಇಲ್ಲ! ಕಣ್ಣಿರುವ ಜಾಗದಲ್ಲಿ ಎರಡು ಬಿಳಿ ಚುಕ್ಕಿ, ಅಷ್ಟೇ. ಹಾಡಿಲ್ಲ, ಡೈಲಾಗಿಲ್ಲ, ನಾಯಕಿಯ ಜೊತೆ ಮರ ಸುತ್ತುವುದಂತೂ ಇಲ್ಲವೇ ಇಲ್ಲ. ಪರದೆ ತುಂಬ ಕಪ್ಪು, ಬಿಳುಪು, ಬೂದಿ ಬಣ್ಣ. ಇಂಥ ನಾಯಕನನ್ನು ನಂಬಿಕೊಂಡು ಹೊರಟ ಒಂದು ಪುಟ್ಟ ಸಂಸ್ಥೆ ವಿಮರ್ಶಕರ ಕೈಲಿ ನೂರಕ್ಕೆ 90 ಅಂಕ ಹೊಡೆಯಿತು ಅಂದರೆ ನಂಬುತ್ತೀರಾ?

ನಂಬಲೇಬೇಕು. ಆದರೆ ಇದು ಸಿನಿಮಾ ಅಲ್ಲ ಸ್ವಾಮೀ, ವಿಡಿಯೋ ಗೇಮ್! ಹೆಸರು ‘ಲಿಂಬೋ’.

‘ಸಿನಿಮಾ ಪತ್ರಿಕೇಲಿ ಗೇಮ್ ಯಾಕೆ ಸಾರ್?’ ಅಂತ ಹುಬ್ಬೇರಿಸಬೇಡಿ. ಕಾರಣ ಇದೆ. ಈ ಆಟದ ಮೇಲೆ ನಡೆದ ಜಗಳ ನಮ್ಮ ಟಾಕೀಸಿನ ಗೇಟಿನಲ್ಲಿ ಫಸ್ಟ್ ಶೋ ಬಿಟ್ಟಾಗ ನಡೆಯುವ ಜಗಳವೇ!

ಮೊದಲು ವಿವರ ಕೇಳಿ. ‘ಲಿಂಬೋ’ ಬಿಡುಗಡೆಯಾದದ್ದು 2010ರ ಜುಲೈ 21ರಂದು, ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ. ತಯಾರಕರು ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ನಿನ ಪ್ಲೇಡೆಡ್ ಸಂಸ್ಥೆ. ನಿರ್ದೇಶನ ಆರ್ನ್ಟ್ ಯೆನ್ಸನ್. ಶಬ್ದದ ಹೊಣೆ ಮಾರ್ಟಿನ್ ಸ್ಟಿಗ್ ಆಂಡರ್ಸನ್. ಕಥೆ? ತಂಗಿ ಏನಾದಳೋ ಗೊತ್ತಿಲ್ಲದ ಒಬ್ಬ ಹುಡುಗ ಕತ್ತಲ ಕಾಡಿನಲ್ಲಿ ಕಣ್ಣು ಬಿಡುತ್ತಾನೆ, ನಡೆಯುತ್ತಾನೆ. ಮುಗೀತು! ಹೆಜ್ಜೆಹೆಜ್ಜೆಗೂ ಒಂದು ಒಗಟು. ಪೆಟ್ಟಿಗೆ ಎಳೆಯಬೇಕು, ಹಗ್ಗಕ್ಕೆ ಜೋತು ಬೀಳಬೇಕು, ಕರಡಿ ಹಿಡಿಯುವ ಕಬ್ಬಿಣದ ಬೋನು ತಪ್ಪಿಸಬೇಕು, ಮನೆಯಷ್ಟು ದೊಡ್ಡ ಜೇಡನಿಂದ ಪಾರಾಗಬೇಕು. ತಪ್ಪಿದರೆ ಹುಡುಗ ಸತ್ತ. ಅದೂ ನೋಡಲಾಗದಂಥ ಸಾವು! ಕೂಡಲೇ ನಾಲ್ಕು ಹೆಜ್ಜೆ ಹಿಂದಿನಿಂದ ಮತ್ತೆ ಶುರು. ಸತ್ತು ಸತ್ತೇ ಒಗಟು ಬಿಡಿಸಬೇಕು.

ವಿಮರ್ಶಕರು ಮೊದಲು ಮಾರುಹೋದದ್ದು ಈ ಕತ್ತಲೆಗೆ. ಹಳೆಯ ಜರ್ಮನ್ ಮೂಕಿ ಚಿತ್ರಗಳ ನೆರಳು-ಬೆಳಕು ನೆನಪಾಯಿತು ಎಂದರು. ರಾಗವಾಗಿ ನುಡಿಸುವ ಹಿನ್ನೆಲೆ ಸಂಗೀತ ಇದರಲ್ಲಿಲ್ಲ ಅನ್ನಬಹುದು. ಗಾಳಿ, ನೀರು, ಎಲ್ಲೋ ದೂರದ ಯಂತ್ರದ ಗುಂಯ್‌ಗುಟ್ಟುವಿಕೆ, ಆ ಹುಡುಗನ ಹೆಜ್ಜೆ... ಇಷ್ಟರಲ್ಲೇ ಬೆನ್ನುಹುರಿ ತಣ್ಣಗಾಗುತ್ತದೆ. ಬಿಡುಗಡೆಗೆ ಮೊದಲೇ, 2010ರ ಸ್ವತಂತ್ರ ಗೇಮ್‌ಗಳ ಸ್ಪರ್ಧೆಯಲ್ಲಿ ದೃಶ್ಯಕಲೆಗೂ ತಾಂತ್ರಿಕತೆಗೂ ಎರಡು ಬಹುಮಾನ ಬಂದಿದ್ದವು. ಪತ್ರಿಕೆಗಳ ಅಂಕಗಳನ್ನೆಲ್ಲ ಒಟ್ಟುಹಾಕಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಲೆಕ್ಕದಲ್ಲಿ ನಾನು ಮೇಲೆ ಹೇಳಿದ ಆ 90.

ಇನ್ನು ಜಗಳಕ್ಕೆ ಬರೋಣ. ಆಟದ ಬೆಲೆ 15 ಡಾಲರ್, ಆಗಿನ ಲೆಕ್ಕದಲ್ಲಿ ನಮ್ಮ 700 ರೂಪಾಯಿ ಆಸುಪಾಸು. ಮುಗಿಯುವುದಕ್ಕೆ ಬೇಕಾದದ್ದು ಮೂರರಿಂದ ಐದು ಗಂಟೆ! ‘ಇಷ್ಟು ದುಡ್ಡಿಗೆ ಇಷ್ಟೇನಾ?’ ಅಂತ ಒಂದು ಪಂಗಡ ಎದ್ದು ನಿಂತಿತು. ಹೊಗಳಿದ ವಿಮರ್ಶಕರಲ್ಲೇ ಕೆಲವರು ‘ಚಿಕ್ಕದಾಯಿತು, ಕೊನೆ ತಟಕ್ಕನೆ ಕಡಿದಂತಿದೆ’ ಎಂದು ಗೊಣಗಿದರು. ಮತ್ತೆ ಕೆಲವರು, ‘ಗಂಟೆ ಎಣಿಸಿ ಕಲೆಗೆ ಬೆಲೆ ಕಟ್ಟಬೇಡಿ’ ಎಂದು ಅವರ ಮೇಲೇ ಬಿದ್ದರು.

ಕೆ.ಆರ್. ಪೇಟೆ, ಮಾಕವಳ್ಳಿ ಕಡೆಯ ಹುಡುಗರಿಗೆ ಈ ಜಗಳ ನಾನು ಬಿಡಿಸಿ ಹೇಳಬೇಕೇ? ಮಾಕವಳ್ಳಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೋಗುವುದು ಟನ್ನಿನ ಲೆಕ್ಕದಲ್ಲಿ. ಆದರೆ ಕೇಂದ್ರ ಸರ್ಕಾರ ದರ ಕಟ್ಟುವಾಗ ಕೇಳುವುದು ಇನ್ನೊಂದು ಪ್ರಶ್ನೆ: ಅರೆದ ಮೇಲೆ ಸಕ್ಕರೆ ಇಳುವರಿ ಎಷ್ಟು? ನೀರು ತುಂಬಿಕೊಂಡ ಕಬ್ಬು ತೂಕದಲ್ಲಿ ಗೆಲ್ಲಬಹುದು, ಇಳುವರಿಯಲ್ಲಿ ಸೋಲುತ್ತದೆ. ಗೇಮಿನ ಗಂಟೆ ಅಂದರೆ ಟನ್ನು. ಮುಗಿದ ಮೇಲೆ ತಲೆಯಲ್ಲಿ ಉಳಿಯುವುದು ಸಕ್ಕರೆ. ಬರೀ ಗಂಟೆಯೇ ಬೇಕು ಅಂದರೆ ತಯಾರಕ ಏನು ಮಾಡುತ್ತಾನೆ? ಒಂದೇ ಒಗಟನ್ನು ಹತ್ತು ಸಲ ಬಡಿಸುತ್ತಾನೆ. ಇಂಟರ್ವಲ್ ಆದಮೇಲೆ ಸಂಬಂಧವಿಲ್ಲದ ಕಾಮಿಡಿ ಟ್ರ್ಯಾಕ್ ತುರುಕಿದ ಹಾಗೆ!

ಹಾಗಂತ ದುಡ್ಡಿನ ಮಾತು ಎತ್ತಿದವರನ್ನು ರಸಿಕತೆ ಇಲ್ಲದವರು ಅನ್ನುವುದು ತಪ್ಪು. ಒಂದು ದಿನದ ಕೂಲಿ ಕೊಟ್ಟು ಕೊಳ್ಳುವವನಿಗೆ ‘ಏನ್ಲಾ ಇದು, ಕಾಸ್ ಕೊಟ್ಟು ಕತ್ಲೆ ನೋಡಾದಾ?’ ಅಂತ ಕೇಳುವ ಹಕ್ಕು ಖಂಡಿತ ಇದೆ. ಪುಕ್ಕಟೆ ಪ್ರತಿ ಪಡೆದು ಆಡುವ ವಿಮರ್ಶಕನಿಗೆ ಆ ನೋವು ತಟ್ಟುವುದು ಕಡಿಮೆ.

ಕೆಲವು ವಿಮರ್ಶಕರು ಇನ್ನೊಂದು ತಕರಾರು ತೆಗೆದರು. ನನ್ನ ಮಟ್ಟಿಗೆ ಅದೇ ನಿಜವಾದ ವಿಮರ್ಶೆ. ಪೂರ್ವಾರ್ಧದಲ್ಲಿ ಕಾಡಿದೆ, ಜೇಡನಿದೆ, ಹುಡುಗನನ್ನು ಅಟ್ಟಿಸಿಕೊಂಡು ಬರುವ ಬೇರೆ ಮಕ್ಕಳಿದ್ದಾರೆ. ಭಯಕ್ಕೆ ಒಂದು ಮುಖವಿದೆ. ಉತ್ತರಾರ್ಧದಲ್ಲಿ ಇವರೆಲ್ಲ ಮಾಯ! ಗರಗಸ, ಅಯಸ್ಕಾಂತ, ತಿರುಗುವ ಕೋಣೆ. ಒಗಟುಗಳು ಜಾಣತನದವೇ, ಆದರೆ ಕಥೆಯ ಉಸಿರು ಕಟ್ಟುತ್ತದೆ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ‘ಲಿಂಬೋ’ದ ದೋಷ ಅದು ಚಿಕ್ಕದು ಅನ್ನುವುದಲ್ಲ. ಅಷ್ಟು ಚಿಕ್ಕದರಲ್ಲೂ ಅರ್ಧದ ನಂತರ ಇಳುವರಿ ಇಳಿಯಿತು ಅನ್ನುವುದು!

ಈಗ ನಮ್ಮ ಮನೆಯ ಕಡೆ ತಿರುಗೋಣ. ಕಪ್ಪು-ಬಿಳುಪಿನಲ್ಲಿ ಒಬ್ಬ ಬಾಲಕನ ಕಣ್ಣಿಂದ ಲೋಕದ ಕ್ರೌರ್ಯ ತೋರಿಸಿದ್ದು ನಮಗೆ ಹೊಸದೇ? 1977ರಲ್ಲೇ ಗಿರೀಶ್ ಕಾಸರವಳ್ಳಿ ತಮ್ಮ ಮೊದಲ ಚಿತ್ರ ‘ಘಟಶ್ರಾದ್ಧ’ದಲ್ಲಿ ಪುಟ್ಟ ನಾಣಿಯ ಮೂಲಕ ಅದನ್ನು ಮಾಡಿ ಸ್ವರ್ಣಕಮಲ ತಂದರು. ಒಗಟಿನ ಚಿತ್ರ ಬೇಕೆ? 2014ರ ಮಾರ್ಚ್‌ನಲ್ಲಿ ಬಂದ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ ನೋಡಿ. ಮಲ್ಪೆಯ ಕಡಲ ದಂಡೆ, ಒಂದೇ ಘಟನೆ, ಹಲವರ ಕಣ್ಣು. ಬಿಡುಗಡೆಯಾದಾಗ ‘ಅರ್ಥವಾಗಲಿಲ್ಲ, ನಿಧಾನ’ ಎಂದವರಿಗೆ ಲೆಕ್ಕವಿಲ್ಲ. ಗಲ್ಲಾಪೆಟ್ಟಿಗೆಯೂ ನಗಲಿಲ್ಲ. ಆಮೇಲೆ? ಎರಡನೇ ಸಲ, ಮೂರನೇ ಸಲ ನೋಡಿ ಎಳೆ ಜೋಡಿಸಿಕೊಂಡವರೇ ಅದನ್ನು ತಲೆ ಮೇಲೆ ಹೊತ್ತರು. 2017ರಲ್ಲಿ ‘ರಿಚಿ’ಯಾಗಿ ತಮಿಳಿಗೂ ಹೋಯಿತು. ಒಗಟಿನ ಕೃತಿಗೆ ಮೊದಲ ವಾರದ ತೀರ್ಪು ಕೊನೆಯ ತೀರ್ಪಲ್ಲ.

ಪ್ಲೇಡೆಡ್‌ನವರು ಗೊಣಗಾಟಕ್ಕೆ ಕೊಟ್ಟ ಉತ್ತರವನ್ನೂ ಕೇಳಿ. ಆರು ವರ್ಷ ಬಿಟ್ಟು 2016ರಲ್ಲಿ ‘ಇನ್‌ಸೈಡ್’ ತಂದರು. ಮತ್ತೆ ಒಬ್ಬ ಹುಡುಗ, ಮತ್ತೆ ಒಂದು ಮಾತೂ ಇಲ್ಲ, ಮತ್ತೆ ಒಂದು ಸಂಜೆಯಲ್ಲಿ ಮುಗಿಯುವ ಆಟ! ಒಂದು ಗಂಟೆಯನ್ನೂ ಹಿಗ್ಗಿಸಲಿಲ್ಲ. ಹೊಗಳಿಕೆ ಕಡಿಮೆಯಾಗಲಿಲ್ಲ. ನನ್ನ ಲೆಕ್ಕದಲ್ಲಿ ಇಲ್ಲಿ ಇಳುವರಿ ಕೊನೆಯವರೆಗೂ ಇಳಿಯುವುದಿಲ್ಲ.

ಆದ್ದರಿಂದ ಗೆಳೆಯರೇ, ವಿಮರ್ಶೆ ಓದುವಾಗ 90 ಅನ್ನುವ ಅಂಕ ನೋಡಿ ಕುಣಿಯಬೇಡಿ, ಮೂರು ಗಂಟೆ ಅನ್ನುವುದು ನೋಡಿ ಓಡಲೂ ಬೇಡಿ. ವಿಮರ್ಶಕರು ಯಾವುದರ ಮೇಲೆ ಜಗಳವಾಡಿದರು ಅಂತ ಹುಡುಕಿ. ಕೃತಿ ನಿಮ್ಮ ರುಚಿಗೆ ಹೊಂದುತ್ತದೋ ಇಲ್ಲವೋ ಅಲ್ಲಿ ಸಿಗುತ್ತದೆ. ‘ಲಿಂಬೋ’ 2015ರಲ್ಲಿ ಆಂಡ್ರಾಯ್ಡ್ ಫೋನಿಗೂ ಬಂತು. ಆಡುವುದಾದರೆ ರಾತ್ರಿ ಆಡಿ, ದೀಪ ಆರಿಸಿ, ಕಿವಿಗೆ ಇಯರ್‌ಫೋನ್ ಹಾಕಿ. ಕೊನೆಯಲ್ಲಿ ಏನಾಗುತ್ತದೆ ಅಂತ ಮಾತ್ರ ನಾನು ಬಾಯಿ ಬಿಡುವುದಿಲ್ಲ. ಆ ಹುಡುಗನಿಗೆ ತಂಗಿ ಸಿಕ್ಕಳೋ ಇಲ್ಲವೋ, ನೀವೇ ಆಡಿ ನೋಡಿ. ಆಮೇಲೆ ಪಕ್ಕದಲ್ಲಿ ಕೂತ ಗೆಳೆಯನ ಜೊತೆ ಜಗಳ ಶುರುವಾಗದಿದ್ದರೆ ಕೇಳಿ!