ಪಯಣಕ್ಕೆ ಬುತ್ತಿ ಕಟ್ಟುವ ಹಕ್ಕಿಗಳು

ಮಾಘ ಮುಗಿದು ಫಾಲ್ಗುಣ ಬಂದಿತೆಂದರೆ ಸೊಲ್ಲಾಪುರದ ಸುತ್ತಲಿನ ಕೆರೆಗಳಲ್ಲಿ ಪ್ರಯಾಣದ ಸಿದ್ಧತೆ ಸುರುವಾಗುತ್ತದೆ. ಚಳಿಗಾಲ ಕಳೆಯಲು ಉತ್ತರದೇಶಗಳಿಂದ ಬಂದ ನೀರುಹಕ್ಕಿಗಳು ಮರಳಿ ಹೊರಡುವ ಕಾಲವಿದು. ಮಕ್ಕಳನ್ನು ಕರೆದುಕೊಂಡು ಒಂದು ಮುಂಜಾನೆ ಕೆರೆಯ ದಂಡೆಗೆ ಹೋಗಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು.

ತುಳಜಾಪುರದ ದಾರಿಯಲ್ಲಿ ಹಿಪ್ಪರಗಾ ಕೆರೆ ಇದೆ. 1871ರಲ್ಲಿ ಕಟ್ಟಿದ ಈ ಕೆರೆಗೆ ಏಕರೂಖ ಎಂದೂ ಹೆಸರು. ಚಳಿಗಾಲದಲ್ಲಿ ಇಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಬೂದುಬಣ್ಣದ ಮೈ, ಬಿಳಿಯ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಗುರುತಿಸಲು ಮಕ್ಕಳಿಗೂ ಕಷ್ಟವಿಲ್ಲ. ಹಗಲೆಲ್ಲ ದಂಡೆಯ ಮೇಲೆ ವಿಶ್ರಾಂತಿ, ಕತ್ತಲಾದ ಮೇಲೆ ಹೊಲಗಳಲ್ಲಿ ಮೇವು. ರಾತ್ರಿಭೋಜನ ತ್ಯಾಗ ಮಾಡಿದ ನಮಗೆ ಇದು ತಮಾಷೆಯೆನಿಸೀತು. ಅವಕ್ಕೆ ಊಟದ ಹೊತ್ತು ಅದೇ.

ಇವುಗಳ ತವರು ಟಿಬೆಟ್, ಮಂಗೋಲಿಯಾ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಗದಗ ಜಿಲ್ಲೆಯ ಮಾಗಡಿ ಕೆರೆಯು ಇವುಗಳಿಂದಲೇ ಹೆಸರಾಗಿ, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಮರಳುವಾಗ ಎರಡು-ಮೂರು ಕಿಲೋ ತೂಕದ ಈ ಜೀವಿ ಹಿಮಾಲಯ ದಾಟಬೇಕು. ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ ದಾಖಲೆಯಿದೆ. ಅಲ್ಲಿಯ ತೆಳುಗಾಳಿಯಲ್ಲಿಯೂ ಆಮ್ಲಜನಕವನ್ನು ಚೆನ್ನಾಗಿ ಹಿಡಿಯಬಲ್ಲ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿದೆ.

ಅಷ್ಟು ದೂರದ ಪ್ರಯಾಣಕ್ಕೆ ಬಂಡವಾಳವೆಂದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು. ಈ ವಾರಗಳಲ್ಲಿ ಹಕ್ಕಿಗಳು ತಿನ್ನುವುದೆಲ್ಲ ಅದಕ್ಕಾಗಿ. ಸೌಟಿನಂಥ ಕೊಕ್ಕಿನ ಚಲುಕ ಬಾತು ನೀರನ್ನು ಸೋಸುತ್ತ ಸಾಗುತ್ತದೆ. ಸೂಜಿಬಾಲದ ಬಾತು ತಲೆಕೆಳಗಾಗಿ ನಿಂತು ಕೆಸರಿನಲ್ಲಿ ಹುಡುಕುತ್ತದೆ. ನಾವು ಹತ್ತಿರ ಹೋಗಿ ಚಪ್ಪಾಳೆ ತಟ್ಟಿ ಎಬ್ಬಿಸಿದರೆ, ಪ್ರತಿ ಸಲವೂ ಆ ಕೂಡಿಟ್ಟದ್ದರಲ್ಲಿ ಸ್ವಲ್ಪ ಖರ್ಚಾಗುತ್ತದೆ, ಮೇಯುವ ಹೊತ್ತೂ ಹಾಳಾಗುತ್ತದೆ.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಪಾರಿವಾಳ, ಗುಬ್ಬಿಗಳಿಗೆ ಕಾಳು ಹಾಕುವ ರೂಢಿ ಹಳೆಯದು. ಅದೇ ದಯೆಯಿಂದ ಕೆರೆಯಲ್ಲಿ ಬ್ರೆಡ್ಡು, ಚುರುಮುರಿ, ಫರಸಾಣ ಎಸೆಯುವವರಿದ್ದಾರೆ. ಬ್ರೆಡ್ಡಿನಿಂದ ಬಾತಿನ ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದ ಸತ್ವ ಸಿಗುವುದಿಲ್ಲ. ತಿನ್ನದೆ ಉಳಿದದ್ದು ನೀರಿನಲ್ಲಿ ಕೊಳೆತು ಪಾಚಿ ಬೆಳೆಸುತ್ತದೆ, ಆಮ್ಲಜನಕ ತಗ್ಗಿಸುತ್ತದೆ. ಅದರಿಂದ ಮೀನು, ಹುಳಹುಪ್ಪಟೆಗಳಿಗೂ ಹಿಂಸೆ. ಕಾಳು-ನೀರು ಮನೆಯ ಮಾಳಿಗೆಯ ಮೇಲಿಡೋಣ, ಬೇಸಿಗೆಯಲ್ಲಿ ನೀರನ್ನು ದಿನಾ ಬದಲಿಸೋಣ. ಕೆರೆಯ ಹಕ್ಕಿಗೆ ಕೆರೆಯೇ ಉಣಿಸಲಿ.

ಹೋಗುವವರಿಗೆ ನಾಲ್ಕು ಸೂಚನೆ: ಸೂರ್ಯೋದಯಕ್ಕೆ ಮುಟ್ಟಿರಿ. ಸೂರ್ಯ ಬೆನ್ನಿಗಿರುವಂತೆ ನಿಲ್ಲಿರಿ. ಢಾಳಾದ ಬಟ್ಟೆ ಬೇಡ, ನಾಯಿ ಜೊತೆಗೆ ಬೇಡ. ಪತಂಗದ ನೈಲಾನ್ ದಾರ ದಂಡೆಯಲ್ಲಿ ಬಿದ್ದಿದ್ದರೆ ಸುತ್ತಿ ಮನೆಗೆ ತನ್ನಿರಿ. 2017ರಲ್ಲಿ ಅದಕ್ಕೆ ನಿಷೇಧವಾದರೂ ಸಿಗುವುದು ತಪ್ಪಿಲ್ಲ, ಹಕ್ಕಿಗಳ ರೆಕ್ಕೆ-ಕಾಲುಗಳನ್ನು ಅದು ಕೊಯ್ಯುತ್ತದೆ.

ಮಕ್ಕಳಿಗೆ ಒಂದು ವಹಿ ಕೊಡಿರಿ. ಎಷ್ಟು ಹೆಬ್ಬಾತು, ಯಾವ ತಾರೀಖು ಎಂದು ಬರೆದಿಡಲಿ. ಹೆಬ್ಬಾತುಗಳು ಕಾಣದಾದ ದಿನವನ್ನೂ ಬರೆಯಲಿ. ಮುಂದಿನ ಚಳಿಗಾಲದಲ್ಲಿ ಅವು ಮರಳಿದಾಗ ಅದೇ ಪುಟದ ಕೆಳಗೆ ಜಮಾ ಮಾಡಬಹುದು.