ಹಂಗಾಮಿ ಕಾರ್ಮಿಕರಿಗೆ ಏಳೇ ದಿನದ ಲೆಕ್ಕವೇಕೆ?



2025ರ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ಮುಧೋಳದ ರೈತರು ಬೀದಿಗಿಳಿದಾಗ ನಾಡೆಲ್ಲ ಇತ್ತ ನೋಡಿತು. ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಆ ಕಬ್ಬನ್ನು ಸಕ್ಕರೆ ಕಾರ್ಖಾನೆಗಳಲ್ಲಿ ಹಗಲು-ರಾತ್ರಿ ಪಾಳಿಯಲ್ಲಿ ನಿಂತು ನುರಿಸುವ ಹಂಗಾಮಿ ಕಾರ್ಮಿಕರ ಪಗಾರದ ಮಾತು ಚರ್ಚೆಗೆ ಬರುವುದೇ ಅಪರೂಪ. ಅದೇ ತಿಂಗಳ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಹಂಗಾಮಿ ಕಾರ್ಮಿಕರಿಗೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮಾತ್ರ 1972ರ ಕಾಯ್ದೆ ಇಟ್ಟ ಜಾಗದಲ್ಲೇ ಉಳಿದಿದೆ.

ಕಾಯಂ ನೌಕರನಿಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ. ಹಂಗಾಮಿ ಕೆಲಸಗಾರನಿಗೆ ಒಂದು ಹಂಗಾಮಿಗೆ 7 ದಿನದ್ದು. ಒಂದೇ ಬಾಯ್ಲರ್ ಮುಂದೆ 20 ವರ್ಷ ದುಡಿದ ಇಬ್ಬರಲ್ಲಿ ಒಬ್ಬನಿಗೆ 300 ದಿನದ ವೇತನ, ಇನ್ನೊಬ್ಬನಿಗೆ 140. ದಿನದ ಪಗಾರವೂ ಕಡಿಮೆಯಿದ್ದರೆ ಕೈಗೆ ಬರುವ ಮೊತ್ತದ ಅಂತರ ಇನ್ನೂ ದೊಡ್ಡದು.

ಅರ್ಧ ವರ್ಷದ ಕೆಲಸಕ್ಕೆ ಅರ್ಧ ಹಣ ಎನ್ನುವವರಿದ್ದಾರೆ. ಹಂಗಾಮು ಮುಗಿದ ಮೇಲೆ ರೋಲರ್, ಪಂಪು, ಬಾಯ್ಲರ್ ಟ್ಯೂಬುಗಳ ದುರಸ್ತಿಗೆ ಕರೆಸುವುದು ಇದೇ ಕೈಗಳನ್ನಲ್ಲವೇ? ಬೇಸಿಗೆಯಲ್ಲಿ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿಬಿಟ್ಟರೆ ಆ ದಿನಗಳು ಕಾರ್ಖಾನೆಯ ಸೇವೆಯ ಲೆಕ್ಕಕ್ಕೆ ಸಿಗುವುದಿಲ್ಲ. ಫಿಟ್ಟರ್ ಅವನೇ, ಪಾನಾ ಅದೇ, ಧಣಿ ಮಾತ್ರ ಕಾಗದದ ಮೇಲೆ ಬೇರೆ. ನನಗೆ ತಡೆದುಕೊಳ್ಳಲಾಗದ ಅನ್ಯಾಯ ಇದು.

ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2016ರ ಅಕ್ಟೋಬರ್ 26ರಂದು ಜಗಜಿತ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅದು ಪಂಜಾಬ್ ಸರ್ಕಾರದ ನೌಕರರ ಮೊಕದ್ದಮೆ, ನಿಜ. ಆದರೆ ಸರ್ಕಾರಿ ಕಚೇರಿಯಲ್ಲಿ ನ್ಯಾಯವಾದದ್ದು ಸಕ್ಕರೆ ಕಾರ್ಖಾನೆಯಲ್ಲಿ ಅನ್ಯಾಯ ಹೇಗಾದೀತು?

 

ಕಾರ್ಮಿಕ ಇಲಾಖೆಯವರು ಈ ಬೇಸಿಗೆಯಲ್ಲೇ ಜಮಖಂಡಿ, ಮುಧೋಳ, ಬೀಳಗಿ ಭಾಗದ ಕಾರ್ಖಾನೆಗಳಿಗೆ ಬಂದು ಕಾರ್ಖಾನೆಯ ಮತ್ತು ಗುತ್ತಿಗೆದಾರನ ಹಾಜರಿ ಪುಸ್ತಕಗಳನ್ನು ಎದುರುಬದುರು ಇಟ್ಟು ನೋಡಲಿ. ಕಾಯಂ, ಹಂಗಾಮಿ, ಗುತ್ತಿಗೆ ಮೂವರ ದರವನ್ನೂ ಗೇಟಿನ ಬಳಿ ಕನ್ನಡದಲ್ಲಿ ಬರೆಸಿ ಹಾಕಿಸಲಿ. ಏಳು ದಿನವನ್ನು ಹದಿನೈದಕ್ಕೆ ಏರಿಸುವ ತಿದ್ದುಪಡಿಯನ್ನು ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಬೇಕು.

– ಹಂಗಾಮಿ ಕಾರ್ಮಿಕನೊಬ್ಬನ ಮಗ, ಮುಧೋಳ