ಎಮ್ಮೆ ಕಥೆ ಸರಿಯಾಗಿ ಹೇಳುವವರು ಇಂಗ್ಲಿಷ್ ಪ್ಯಾರಾದಲ್ಲಿ ಎಡವುವುದೇಕೆ?

ಮಾಕಳಿಯ ಬಾಡಿಗೆ ರೂಮುಗಳಲ್ಲಿ ಸಂಜೆ ಹೊತ್ತು ಎರಡು ಥರದ ಹುಡುಗರು ಸಿಗುತ್ತಾರೆ. ಪೀಣ್ಯದಲ್ಲಿ ಫಸ್ಟ್ ಶಿಫ್ಟ್ ಮುಗಿಸಿ ಬಂದು ಮಲಗಿರುವವರು ಒಂದು ಥರ. ಅದೇ ಶಿಫ್ಟ್ ಮುಗಿಸಿ ಬಂದು, ಮಲಗದೆ, ಗೋಡೆಗೆ ಒರಗಿ ಮೊಬೈಲಿನಲ್ಲಿ ಮಾಕ್ ಟೆಸ್ಟ್ ಬರೆಯುತ್ತಿರುವವರು ಇನ್ನೊಂದು ಥರ. ಈ ಬರಹ ಎರಡನೆಯವರದ್ದು. ನಿಮ್ಮೂರಲ್ಲೂ ಇಂಥವರು ಇದ್ದಾರೆ. ಬಹುಶಃ ನೀವೇ ಇರಬಹುದು.

ಇವರಿಗೆ ಲೆಕ್ಕ ಪರವಾಗಿಲ್ಲ. ರೀಸನಿಂಗ್ ಅಂತೂ ಆಟ. ಇಂಗ್ಲಿಷ್‌ನಲ್ಲೂ ಸಮಾನಾರ್ಥಕ, ವಿರುದ್ಧಾರ್ಥಕ ಎಲ್ಲ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆದರೆ ಪ್ಯಾರಾ ಜಂಬಲ್ ಬಂದ ತಕ್ಷಣ ಬೆರಳು ‘ನೆಕ್ಸ್ಟ್’ ಒತ್ತಿಬಿಡುತ್ತದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಒಂದು ಇಂಗ್ಲಿಷ್ ಪ್ಯಾರಾದ ನಾಲ್ಕು ವಾಕ್ಯಗಳನ್ನು ಕಲಸಿ ಎ, ಬಿ, ಸಿ, ಡಿ ಎಂದು ಹೆಸರಿಟ್ಟು ಕೊಟ್ಟಿರುತ್ತಾರೆ. ಯಾವುದರ ಹಿಂದೆ ಯಾವುದು ಎಂದು ನಾವು ಹೇಳಬೇಕು. ಬ್ಯಾಂಕ್ ಪರೀಕ್ಷೆಗಳಲ್ಲಿ ಐದಾರು ವಾಕ್ಯಗಳೂ ಇರುತ್ತವೆ.

ಇದರ ಬೆಲೆ ಎಷ್ಟು ಅಂತ ನೋಡಿ. ಪಿಯುಸಿ ಮುಗಿಸಿದವರು ಬರೆಯುವ ಎಸ್‌ಎಸ್‌ಸಿ ಸಿಎಚ್‌ಎಸ್‌ಎಲ್ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ. ಅಂದರೆ ಒಂದಕ್ಕೆ 36 ಸೆಕೆಂಡ್. ಅದರಲ್ಲಿ 25 ಪ್ರಶ್ನೆ ಇಂಗ್ಲಿಷ್. ಸರಿಯಾದರೆ 2 ಅಂಕ, ತಪ್ಪಾದರೆ ಅರ್ಧ ಅಂಕ ಕಡಿತ. ಬ್ಯಾಂಕ್ ಕ್ಲರ್ಕ್ ಪೂರ್ವಭಾವಿ ಪರೀಕ್ಷೆಯಲ್ಲಿ 30 ಇಂಗ್ಲಿಷ್ ಪ್ರಶ್ನೆಗೆ 20 ನಿಮಿಷ, ಆ ವಿಭಾಗಕ್ಕೇ ಬೇರೆ ಕಟ್‌ಆಫ್. ಲೆಕ್ಕದಲ್ಲಿ ಎಷ್ಟೇ ತೆಗೆದರೂ ಇಂಗ್ಲಿಷ್ ಕಟ್‌ಆಫ್ ದಾಟದಿದ್ದರೆ ಮನೆಗೆ. ಇಂಥ ಪರೀಕ್ಷೆಯಲ್ಲಿ ಒಂದು ಅಂಕಕ್ಕೂ ಕಮ್ಮಿ ಅಂತರದಲ್ಲಿ ಕೆಲಸ ತಪ್ಪಿಹೋಗುತ್ತದೆ.

‘ಈಗ ಪರೀಕ್ಷೆ ಕನ್ನಡದಲ್ಲೇ ಬರೆಯಬಹುದಲ್ಲ’ ಎಂದು ಊರಲ್ಲಿ ಹಿರಿಯರು ಹೇಳುತ್ತಾರೆ. ಅರ್ಧ ನಿಜ. 2021ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಸಚಿವಾಲಯ ಸಾರ್ವಜನಿಕ ವಲಯದ ಬ್ಯಾಂಕ್‌ಗಳ ಕ್ಲರ್ಕ್ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಶಿಫಾರಸು ಮಾಡಿತು. 2023ರಲ್ಲಿ ಎಸ್‌ಎಸ್‌ಸಿಯ ಎಂಟಿಎಸ್ ಮತ್ತು ಸಿಎಚ್‌ಎಸ್‌ಎಲ್‌ಗೂ ಅದೇ ಅವಕಾಶ ಪ್ರಕಟವಾಯಿತು. ಒಳ್ಳೆಯದೇ, ಅದಕ್ಕಾಗಿ ಹೋರಾಡಿದವರಿಗೆ ನಮಸ್ಕಾರ. ಆದರೆ ಕನ್ನಡಕ್ಕೆ ಬಂದದ್ದು ಲೆಕ್ಕ, ರೀಸನಿಂಗ್, ಸಾಮಾನ್ಯ ಜ್ಞಾನ. ಇಂಗ್ಲಿಷ್ ವಿಭಾಗ ಇಂಗ್ಲಿಷ್‌ನಲ್ಲೇ ಇದೆ. ಬಾಗಿಲು ತೆಗೆದಿದ್ದಾರೆ, ಹೊಸ್ತಿಲು ಇದ್ದಷ್ಟೇ ಎತ್ತರ ಇದೆ.

ಹಾಗಂತ ಈ ಪ್ರಶ್ನೆಯನ್ನೇ ತೆಗೆದುಹಾಕಿ ಎನ್ನುವವಳು ನಾನಲ್ಲ. ಇಂಗ್ಲಿಷ್ ವಿಭಾಗದಲ್ಲಿ ಬಾಯಿಪಾಠ ನಡೆಯದ, ತಲೆ ಓಡಿಸಲೇಬೇಕಾದ ಪ್ರಶ್ನೆ ಏನಾದರೂ ಇದ್ದರೆ ಅದು ಇದೇ. ನನ್ನ ತಕರಾರು ಇರುವುದು ಇದನ್ನು ನಮ್ಮ ಹುಡುಗರಿಗೆ ಕಲಿಸುತ್ತಿರುವ ರೀತಿಯ ಮೇಲೆ.

ಭಾನುವಾರ ನನ್ನ ಹತ್ತಿರ ಪೇಪರ್ ಬಿಡಿಸಲು ನಾಲ್ಕೈದು ಜನ ಬರುತ್ತಾರೆ. ಅವರಲ್ಲಿ ಸಿಂದಗಿ ಕಡೆಯ ಒಬ್ಬ ಹುಡುಗ. ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ. ಮಾದಾವರದವರೆಗೆ ಮೆಟ್ರೋ ಬಂದ ಮೇಲೆ ರಜಾ ದಿನ ವಿಜಯನಗರಕ್ಕೆ ಹೋಗಿ ಕೋಚಿಂಗ್ ಸೇರಿದ್ದ. ಅಲ್ಲಿ ಕೊಟ್ಟ ನೋಟ್ಸ್ ತೋರಿಸಿದ. ‘ಹಿ, ಷಿ, ದಿಸ್, ಬಟ್ ಇರುವ ವಾಕ್ಯ ಮೊದಲು ಬರುವುದಿಲ್ಲ. ಹೆನ್ಸ್, ದೇರ್‌ಫೋರ್ ಇದ್ದರೆ ಕೊನೆಗೆ ಹಾಕು. ಉಳಿದ ಆಪ್ಷನ್ ಹೊಡೆದುಹಾಕು. ಪ್ಯಾರಾ ಓದುತ್ತಾ ಕೂತು ಟೈಮ್ ವೇಸ್ಟ್ ಮಾಡಬೇಡ.’

ಇದು ಪೂರ್ತಿ ಸುಳ್ಳಲ್ಲ. ನಾಲ್ಕು ವಾಕ್ಯಗಳನ್ನು 24 ರೀತಿಯಲ್ಲಿ ಜೋಡಿಸಬಹುದು, ಐದು ವಾಕ್ಯಗಳನ್ನು 120 ರೀತಿಯಲ್ಲಿ. ಆಯ್ಕೆಗೆ ಕೊಡುವುದು ನಾಲ್ಕೋ ಐದೋ ಮಾತ್ರ. ಹಾಗಾಗಿ ಹೊಡೆದುಹಾಕುವ ಉಪಾಯ ಸ್ವಲ್ಪ ದೂರ ನಡೆಯುತ್ತದೆ. ಆದರೆ ಪ್ರಶ್ನೆ ತೆಗೆಯುವವರೂ ಅದೇ ನೋಟ್ಸ್ ಓದಿರುತ್ತಾರಲ್ಲ! ಒಂದೇ ವಾಕ್ಯದಿಂದ ಶುರುವಾಗುವ ಎರಡು ಆಯ್ಕೆ ಇಟ್ಟಿರುತ್ತಾರೆ. ಅಲ್ಲಿಗೆ ಉಪಾಯ ಮುಗಿಯಿತು, ಓದಲೇಬೇಕು. ಎಂಬಿಎ ಸೇರಲು ಬರೆಯುವ ಕ್ಯಾಟ್‌ನಲ್ಲಂತೂ ಈ ಪ್ರಶ್ನೆಗೆ ಆಯ್ಕೆಗಳನ್ನೇ ಕೊಡದೆ ಉತ್ತರ ಟೈಪ್ ಮಾಡಿಸುತ್ತಾರೆ. ಅಲ್ಲಿ ಏನನ್ನು ಹೊಡೆದುಹಾಕುವುದು?

ಆವತ್ತು ನಾನು ಅವನ ನೋಟ್ಸ್ ಮುಚ್ಚಿಸಿ ಒಂದು ಹಾಳೆಯಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಬರೆದುಕೊಟ್ಟೆ. ನೀವೂ ಜೋಡಿಸಿ ನೋಡಿ.

ಎ. ಆದರೂ ದಲ್ಲಾಳಿ ಕೇಳಿದಾಗ ಅಜ್ಜಿ, ‘ಇದು ಮನೆ ಮಗಳು, ಮಾರಲ್ಲ’ ಅಂದುಬಿಟ್ಟಳು.
ಬಿ. ನಮ್ಮ ಮನೆಯಲ್ಲಿ ಒಂದು ಮುದಿ ಎಮ್ಮೆ ಇತ್ತು.
ಸಿ. ಆ ಮಾತು ಕೇಳಿ ಅವನು ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಟುಹೋದ.
ಡಿ. ಎರಡು ವರ್ಷದಿಂದ ಅದು ಹಾಲು ಕೊಡುತ್ತಿರಲಿಲ್ಲ.

ಹತ್ತು ಸೆಕೆಂಡೂ ಬೇಕಾಗಲಿಲ್ಲ. ‘ಬಿ, ಡಿ, ಎ, ಸಿ. ಇದರಾಗ ಏನೈತ್ರಿ ಅಕ್ಕಾರ?’ ಅಂದ.

ಹೆಂಗೆ ಗೊತ್ತಾಯಿತು ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದ. ಎಮ್ಮೆ ಇದೆ ಅಂತ ಹೇಳದೆ ‘ಅದು’ ಅನ್ನಕ್ಕಾಗಲ್ಲ. ಹಾಲು ಕೊಡಲ್ಲ ಅಂತ ಹೇಳದೆ ‘ಆದರೂ’ ಬರಲ್ಲ. ಅಜ್ಜಿ ಬಾಯಿ ಬಿಡದೆ ‘ಆ ಮಾತು’ ಎಲ್ಲಿಂದ ಬಂತು? ದಲ್ಲಾಳಿ ಬರದೆ ‘ಅವನು’ ಯಾರು? ಪ್ಯಾರಾ ಜಂಬಲ್‌ನ ಇಡೀ ಪಾಠವನ್ನು ಅವನೇ ಹೇಳಿ ಮುಗಿಸಿದ್ದ. ಇಂಗ್ಲಿಷ್‌ನಲ್ಲಿ ಇರುವುದೂ ಇವೇ ಕೊಂಡಿಗಳು.

ಹಾಗಾದರೆ ಇಂಗ್ಲಿಷ್‌ನಲ್ಲಿ ಯಾಕೆ ತಪ್ಪುತ್ತದೆ? ಪದ ಗೊತ್ತಿಲ್ಲದ್ದು ಒಂದು ಕಾರಣ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಕಾರಣವನ್ನು ಯಾರೂ ಹೇಳಿಕೊಡುವುದಿಲ್ಲ. ಇಂಗ್ಲಿಷ್ ತನ್ನ ಕೊಂಡಿಗಳನ್ನು ಇಡುವ ಜಾಗದಲ್ಲಿ ಕನ್ನಡಕ್ಕೆ ಎಷ್ಟೋ ಸಲ ಏನೂ ಬೇಕಾಗುವುದಿಲ್ಲ. ಅದಕ್ಕೇ ನಮ್ಮ ಕಣ್ಣು ಅಲ್ಲಿ ನಿಲ್ಲುವುದಿಲ್ಲ.

‘ಎ’ ಮತ್ತು ‘ದಿ’ ತೆಗೆದುಕೊಳ್ಳಿ. ಮೊದಲ ಸಲ ಎಮ್ಮೆಯ ಪ್ರಸ್ತಾಪ ಬಂದಾಗ ‘ಎ ಬಫೆಲೋ’. ಎರಡನೇ ಸಲ ಅದೇ ಎಮ್ಮೆಗೆ ‘ದಿ ಬಫೆಲೋ’. ಕನ್ನಡದಲ್ಲಿ ಎರಡನೇ ಸಲ ಬರೀ ‘ಎಮ್ಮೆ’ ಅಂದರೂ ಸಾಕು, ಯಾವ ಎಮ್ಮೆ ಅಂತ ಕೇಳುವವರಿಗೆ ಗೊತ್ತಿರುತ್ತದೆ. ಹಾಗಾಗಿ ನಮಗೆ ‘ದಿ’ ಅಂದರೆ ಅಲಂಕಾರಕ್ಕೆ ಇಟ್ಟ ಪದ. ಎಲ್ಲ ‘ದಿ’ಯೂ ಹಿಂದಿನದನ್ನು ತೋರಿಸುವುದಿಲ್ಲ ನಿಜ, ಸೂರ್ಯನಿಗೂ ‘ದಿ’ ಹಾಕುತ್ತಾರೆ. ಆದರೆ ಒಂದು ವಾಕ್ಯದಲ್ಲಿ ‘ಎ ಡೀಲರ್’, ಇನ್ನೊಂದರಲ್ಲಿ ‘ದಿ ಡೀಲರ್’ ಕಂಡರೆ ಯಾವುದು ಮುಂದೆ, ಯಾವುದು ಹಿಂದೆ ಎಂದು ಆಗಲೇ ಗೊತ್ತಾಗಿಹೋಯಿತು.

‘ಹಿ’, ‘ಷಿ’ಗಳ ಕಥೆಯೂ ಇದೇ. ‘ಹೋದ’ ಅಂದರೆ ಸಾಕು, ಹೋದವನು ಗಂಡಸು, ಒಬ್ಬನೇ ಎಂದು ಕ್ರಿಯಾಪದದ ಬಾಲವೇ ಹೇಳುತ್ತದೆ. ‘ಅವನು’ ಬೇಕೇ ಬೇಕು ಅಂತಿಲ್ಲ. ಇಂಗ್ಲಿಷ್‌ನಲ್ಲಿ ‘ವೆಂಟ್’ ಅಂದರೆ ಯಾರು ಹೋದರೆಂದು ದೇವರಿಗೇ ಗೊತ್ತು. ಅಲ್ಲಿ ‘ಹಿ’ ಎಂಬ ಎರಡಕ್ಷರದ ಪದ ಹಿಂದಿನ ವಾಕ್ಯವನ್ನು ಎಳೆದು ಹಿಡಿದಿರುತ್ತದೆ.

ಮತ್ತೆ ನಾವು ಮಾತು ಕಟ್ಟುವ ರೀತಿಯೇ ಬೇರೆ. ‘ಬೆಳಿಗ್ಗೆ ಎದ್ದು, ಹಾಲು ಕರೆದು, ಡೇರಿಗೆ ಹಾಕಿ, ಸ್ನಾನ ಮಾಡಿ, ಬಸ್ ಹತ್ತಿದೆ.’ ಐದು ಕೆಲಸ, ಒಂದೇ ವಾಕ್ಯ. ಎದ್ದು, ಕರೆದು, ಹಾಕಿ ಎಂಬ ರೂಪಗಳಲ್ಲೇ ಯಾವುದು ಮೊದಲು ಎಂಬುದು ಅಡಗಿದೆ. ಇಂಗ್ಲಿಷ್ ಇದನ್ನು ಎರಡು ಮೂರು ವಾಕ್ಯ ಮಾಡಿ ನಡುವೆ ‘ದೆನ್’, ‘ಆಫ್ಟರ್ ದಟ್’ ಇಡುತ್ತದೆ. ಒಂದು ಕಡೆ ಮಾತ್ರ ನಮಗೆ ಅನುಕೂಲ ಇದೆ. ‘ಹ್ಯಾಡ್ ಗಾನ್’ ಅಂದರೆ ನಮ್ಮ ‘ಹೋಗಿದ್ದ’. ಕಥೆಯ ನಡುವೆ ‘ಹೋಗಿದ್ದ’ ಬಂದರೆ ಅದು ಹಿಂದೆ ನಡೆದದ್ದು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದನ್ನು ಕನ್ನಡದ ಜೊತೆ ಇಟ್ಟು ಹೇಳಿಕೊಟ್ಟರೆ ಐದು ನಿಮಿಷದ ಪಾಠ. ಇಂಗ್ಲಿಷ್ ಹೆಸರು ಹೇಳಿ ಹೆದರಿಸಿದರೆ ಒಂದು ವರ್ಷವಾದರೂ ತಲೆಗೆ ಹೋಗುವುದಿಲ್ಲ.

ಇಷ್ಟಾದ ಮೇಲೂ ಆ ಹುಡುಗ ಇಂಗ್ಲಿಷ್ ಪೇಪರಿನಲ್ಲಿ ಕಥೆ ಇರುವ ಪ್ಯಾರಾಗಳನ್ನು ಸರಿ ಮಾಡಿದ, ಉಳಿದವನ್ನು ತಪ್ಪಿದ. ಅವನೊಬ್ಬನೇ ಅಲ್ಲ, ಅವತ್ತು ಬಂದಿದ್ದ ಎಲ್ಲರೂ. ನಿಜವಾದ ಕಷ್ಟ ಇಲ್ಲಿದೆ. ಕಥೆಗೆ ಕಾಲದ ದಾರ ಇರುತ್ತದೆ. ವಾದಕ್ಕೆ ಅದು ಇರುವುದಿಲ್ಲ. ಇದನ್ನು ಓದಿ:

‘ಟೊಮೆಟೊ ಬೆಲೆ ಏರಿದರೆ ರೈತ ಸಾಹುಕಾರನಾದ ಎಂದು ಪೇಟೆಯವರು ತಿಳಿಯುತ್ತಾರೆ. ಆದರೆ ಬೆಲೆ ಏರುವುದೇ ಹೆಚ್ಚಿನವರ ಹೊಲದಲ್ಲಿ ಹಣ್ಣು ಇಲ್ಲದಾಗ. ಮಳೆಗೋ ರೋಗಕ್ಕೋ ಬೆಳೆ ಕಳೆದುಕೊಂಡವನಿಗೆ ಆ ಬೆಲೆಯಿಂದ ಬರುವುದೇನೂ ಇಲ್ಲ. ಫಸಲು ಉಳಿಸಿಕೊಂಡ ಕೆಲವರಿಗಷ್ಟೇ ಲಾಭ.’

ಇಲ್ಲಿ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಕೇಳಿದರೆ ಉತ್ತರ ಇಲ್ಲ. ಒಬ್ಬರ ನಂಬಿಕೆ, ಅದಕ್ಕೆ ಅಡ್ಡಮಾತು, ಅಡ್ಡಮಾತಿಗೆ ಆಧಾರ, ಕೊನೆಗೊಂದು ವಿನಾಯಿತಿ. ಬ್ಯಾಂಕ್ ಪರೀಕ್ಷೆಯಲ್ಲಿ ಬರುವ ಬಹಳಷ್ಟು ಪ್ಯಾರಾಗಳು ಈ ಜಾತಿಯವು. ಇವನ್ನು ಜೋಡಿಸಬೇಕಾದರೆ ಹೇಳುವವನು ಯಾರನ್ನು ಒಪ್ಪಿಸಲು ಹೊರಟಿದ್ದಾನೆ ಎಂದು ಹಿಡಿಯಬೇಕು. ನಮ್ಮೂರಿನ ಪಂಚಾಯಿತಿ ಕಟ್ಟೆಯ ಮೇಲೆ ಇದಕ್ಕಿಂತ ಸೊಗಸಾದ ವಾದ ದಿನಾ ನಡೆಯುತ್ತದೆ. ಆದರೆ ಬರವಣಿಗೆಯಲ್ಲಿ ವಾದವನ್ನು ಓದುವ ಅಭ್ಯಾಸ ನಮಗೆ ಆಗಿರುವುದಿಲ್ಲ. ಇಂಗ್ಲಿಷ್‌ನಲ್ಲಿ ಬಿಡಿ, ಕನ್ನಡದಲ್ಲೇ ಆಗಿರುವುದಿಲ್ಲ. ನನ್ನ ಶಾಲೆಯ ಕನ್ನಡ ಪಿರಿಯಡ್ ನೆನಪಿಸಿಕೊಂಡರೆ ಸಂಧಿ ಬಿಡಿಸಿದ್ದು, ಸಮಾಸ ಹೆಸರಿಸಿದ್ದು ನೆನಪಾಗುತ್ತದೆ. ಒಂದು ಪ್ಯಾರಾ ಹಿಡಿದು ‘ಈ ಮೂರನೇ ಸಾಲು ಇಲ್ಲಿ ಯಾಕೆ ಬಂತು’ ಎಂದು ಯಾವ ಮೇಷ್ಟ್ರೂ ಕೇಳಿದ್ದು ನೆನಪಿಲ್ಲ. ಎಮ್ಮೆ ಕಥೆ ಬಂದು ಟೊಮೆಟೊ ವಾದ ಬಾರದಿರುವುದಕ್ಕೆ ಇಂಗ್ಲಿಷ್ ಮೇಷ್ಟ್ರನ್ನಷ್ಟೇ ಬೈದು ಪ್ರಯೋಜನವಿಲ್ಲ.

ಖರ್ಚಿಲ್ಲದ ಒಂದು ದಾರಿ ಇದೆ. ಪಂಚಾಯಿತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಎಂಬ ಬೋರ್ಡ್ ಬಿದ್ದಿದೆಯಲ್ಲ, ಅಲ್ಲಿಗೆ ಹೋಗಿ ಪತ್ರಿಕೆಯಲ್ಲಿ ಓದುಗರ ಪತ್ರಗಳ ಅಂಕಣ ತೆಗೆಯಿರಿ. ಸಂಪಾದಕೀಯ ಬೇಡ, ಉದ್ದವಾಯಿತು. ಸುದ್ದಿಯೂ ಬೇಡ. ಪತ್ರಿಕೋದ್ಯಮ ಓದಿದವಳಾಗಿ ಹೇಳುತ್ತಿದ್ದೇನೆ, ಸುದ್ದಿಯನ್ನು ನಾವು ತಲೆಕೆಳಗಾಗಿ ಬರೆಯುತ್ತೇವೆ. ಸತ್ತವರೆಷ್ಟು ಎಂಬುದು ಮೊದಲು, ಲಾರಿ ಹೇಗೆ ಬಂತು ಎಂಬುದು ಕೊನೆಗೆ. ಅದನ್ನು ಜೋಡಿಸಲು ಹೋದರೆ ಇರುವ ಬುದ್ಧಿಯೂ ಕೆಡುತ್ತದೆ. ಓದುಗರ ಪತ್ರದಲ್ಲಿ ಆರೇಳು ವಾಕ್ಯ ಇರುತ್ತದೆ. ಬಸ್ ಇಲ್ಲ, ಚರಂಡಿ ಕಟ್ಟಿದೆ ಎಂಬಂಥ ಒಂದೇ ವಿಷಯ, ಒಂದು ವಾದ. ಒಂದೊಂದು ವಾಕ್ಯವನ್ನೂ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು, ಪಟ್ಟಿ ಕತ್ತರಿಸಿ, ಕಲಸಿ, ಮಾರನೇ ದಿನ ಜೋಡಿಸಿ. ಪೇಪರನ್ನೇ ಕತ್ತರಿಸಬೇಡಿ, ಲೈಬ್ರರಿಯವರು ಮತ್ತೆ ಒಳಗೆ ಬಿಡುವುದಿಲ್ಲ. ಹದಿನೈದು ದಿನ ಕನ್ನಡ ಪತ್ರಗಳು. ಆಮೇಲೆ ಇಂಗ್ಲಿಷ್ ಪತ್ರಿಕೆಯವು. ಗಡಿಯಾರ ಬೇಡ, 36 ಸೆಕೆಂಡಿನ ಚಿಂತೆ ಕೊನೆಯ ತಿಂಗಳಿಗಿರಲಿ. ಒಬ್ಬರೇ ಮಾಡುವುದಕ್ಕಿಂತ ಇಬ್ಬರು ಕೂತರೆ ಒಳ್ಳೆಯದು, ಜಗಳ ಆಡಲು ಒಬ್ಬರು ಬೇಕು.

ಹೈಸ್ಕೂಲ್ ಮೇಷ್ಟ್ರು, ಟೀಚರ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ವಾರಕ್ಕೆ ಒಂದು ಪಿರಿಯಡ್ ಹೀಗೆ ಪಟ್ಟಿ ಕಲಸಿ ಕೊಟ್ಟು ನೋಡಿ. ಮೊದಲು ಕನ್ನಡ ಪಿರಿಯಡ್‌ನಲ್ಲಿ.

ಸಿಂದಗಿ ಹುಡುಗ ಕೋಚಿಂಗ್ ಬಿಟ್ಟಿಲ್ಲ, ಫೀಸ್ ಕಟ್ಟಿಯಾಗಿದೆ. ಪತ್ರಗಳನ್ನೂ ಜೋಡಿಸುತ್ತಾನೆ. ಹೋದ ಭಾನುವಾರ ಐದು ಇಂಗ್ಲಿಷ್ ಪತ್ರದಲ್ಲಿ ಮೂರು ಸರಿಯಾಯಿತು. ನಾಲ್ಕನೆಯದರಲ್ಲಿ ಪತ್ರ ಬರೆದವರದ್ದಕ್ಕಿಂತ ತನ್ನ ಜೋಡಣೆಯೇ ಚೆನ್ನಾಗಿದೆ ಎಂದು ನನ್ನ ಜೊತೆ ಅರ್ಧ ಗಂಟೆ ವಾದ ಮಾಡಿದ. ಎರಡು ಸಲ ಓದಿದೆ. ಅವನ ಜೋಡಣೆಯೂ ನಡೆಯುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಕಡಿಯುತ್ತಾರಪ್ಪ ಎಂದೆ. ‘ಕಡೀಲಿ ಬಿಡ್ರಿ ಅಕ್ಕಾರ, ಇದೊಂದು ಒಪ್ಪೂದಿಲ್ಲ ನಾ’ ಅಂದ. ಈ ವಾರ ಸೆಕೆಂಡ್ ಶಿಫ್ಟ್ ಬೀಳದಿದ್ದರೆ ಮತ್ತೆ ಬರುತ್ತಾನೆ.